ಅಂಗೈಯಗಲದ ಡಬ್ಬಿಯೊಳಗೊಂದು ಕಂಪ್ಯೂಟರ್: ಬೇರ್‌ಬೋನ್ ಕಿಟ್ ಜೋಡಿಸುವ ಬಗೆ

ನನ್ನ ಮೊದಲ ಬೇರ್‌ಬೋನ್ ಕಿಟ್ಟಿನಲ್ಲಿ (ಅರ್ಧ ಜೋಡಿಸಿ ಬರುವ, ಉಳಿದದ್ದನ್ನು ನಾವೇ ಸೇರಿಸಬೇಕಾದ ಪುಟ್ಟ ಕಂಪ್ಯೂಟರ್) ತಪ್ಪು ನಡೆದದ್ದು ಸ್ಕ್ರೂಡ್ರೈವರ್ ಕೈಗೆ ಬರುವ ಮುಂಚೆಯೇ. ಡಬ್ಬಿಯ ಮುಚ್ಚಳ ತೆಗೆದು, ಹಳೆಯ ಡೆಸ್ಕ್‌ಟಾಪಿನಿಂದ ಕಳಚಿ ಜೋಪಾನ ಮಾಡಿದ್ದ ರ‍್ಯಾಮ್ ಪಟ್ಟಿಯನ್ನು ಸ್ಲಾಟಿನ ಮೇಲೆ ಹಿಡಿದೆ. ಪಟ್ಟಿ ಸ್ಲಾಟಿನ ಹೆಚ್ಚುಕಡಿಮೆ ಎರಡರಷ್ಟು ಉದ್ದ! ಡೆಸ್ಕ್‌ಟಾಪ್ ರ‍್ಯಾಮ್ 133 ಮಿ.ಮೀ. ಇರುತ್ತದೆ, ಈ ಪುಟ್ಟ ಡಬ್ಬಿಗಳು ಕೇಳುವುದು ಲ್ಯಾಪ್‌ಟಾಪಿಗೆ ಹಾಕುವ, 70 ಮಿ.ಮೀ.ಗೂ ಚೂರು ಕಡಿಮೆ ಇರುವ ಪಟ್ಟಿಯನ್ನು. ಕಿಟ್ಟಿನ ವಿವರಪಟ್ಟಿಯಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿದ್ದರು, ಓದದವನು ನಾನು. ಸರಿಯಾದ ರ‍್ಯಾಮ್ ಬರುವ ತನಕ ನಾಲ್ಕು ದಿನ ಆ ಡಬ್ಬಿ ಬಾಯಿ ತೆರೆದುಕೊಂಡು ಮೇಜಿನ ಮೇಲೆ ಕೂತಿತ್ತು.

ಆಮೇಲೆ ಇಂಥವನ್ನು ಹಲವು ಜೋಡಿಸಿದ್ದೇನೆ. ಜೋಡಣೆ ಎನ್ನುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಸಲೀಸಾಗಿ ಕಳೆಯಬೇಕೆಂದರೆ ಒಂದು ಸಂಜೆ ಕೂತು ಓದಬೇಕು. ದೊಡ್ಡ ಟವರ್ ಕ್ಯಾಬಿನೆಟ್ಟಿನಲ್ಲಿ ಒಂದು ಭಾಗ ಇಲ್ಲಿ ಹೊಂದದಿದ್ದರೆ ಅಲ್ಲಿ ಸಿಗಿಸಬಹುದು, ಕೈ ಆಡಿಸಲು ಜಾಗವಿರುತ್ತದೆ. ಚಿಕ್ಕ ಡಬ್ಬಿಯಲ್ಲಿ ಒಂದರ ಮೇಲೊಂದು ಕೂರಬೇಕು. ಕೆಳಗಿನದ್ದನ್ನು ಮರೆತು ಮೇಲಿನದ್ದನ್ನು ಕೂರಿಸಿದಿರೋ, ಎಲ್ಲ ಬಿಚ್ಚಿ ಮೊದಲಿನಿಂದ ಶುರು.

ಕಿಟ್ಟಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಬೇರ್‌ಬೋನ್ ಅಂದರೆ ಎಲುಬಿನ ಹಂದರ ಮಾತ್ರ. ಕೇಸು, ಅದರೊಳಗೆ ಕೂರಿಸಿದ ಮದರ್‌ಬೋರ್ಡ್, ವಿದ್ಯುತ್ತಿಗೊಂದು ಅಡಾಪ್ಟರ್, ಇಷ್ಟು ಅವರದು. ರ‍್ಯಾಮ್, ಮಾಹಿತಿ ಉಳಿಸಿಡುವ ಎಸ್‌ಎಸ್‌ಡಿ, ಆಪರೇಟಿಂಗ್ ಸಿಸ್ಟಂ ನಿಮ್ಮದು. ಪ್ರೊಸೆಸರ್ ಯಾರದು ಎಂಬುದರ ಮೇಲೆ ಈ ಕಿಟ್‌ಗಳು ಎರಡು ಜಾತಿಯಾಗುತ್ತವೆ.

ಮೊದಲನೆಯದರಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದರ ಮೇಲೆ ಫ್ಯಾನೂ ಸಿದ್ಧವಾಗಿರುತ್ತದೆ. 2013ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಇಂಟೆಲ್‌ನ ನಕ್ ಈ ಜಾತಿಯದು. ನಾಲ್ಕಿಂಚು ಉದ್ದ, ನಾಲ್ಕಿಂಚು ಅಗಲದ ಬೋರ್ಡು. 2023ರಲ್ಲಿ ಇಂಟೆಲ್ ಈ ವ್ಯವಹಾರದಿಂದ ಕೈತೊಳೆದುಕೊಂಡಿತು. ಈಗ ಅದೇ ಹೆಸರಿನಲ್ಲಿ ಆಸುಸ್ ತಯಾರಿಸುತ್ತಿದೆ. ಎರಡನೆಯ ಜಾತಿಯಲ್ಲಿ ಬೋರ್ಡಿನ ಮೇಲೆ ಖಾಲಿ ಸಾಕೆಟ್ ಇರುತ್ತದೆ, ಪ್ರೊಸೆಸರ್ ಮತ್ತು ಕೂಲರ್ ನೀವೇ ಆರಿಸಬೇಕು. ಷಟಲ್ ಕಂಪನಿ 2001ರಿಂದ ಮಾಡುತ್ತ ಬಂದ ಘನಾಕೃತಿಯ ಪೆಟ್ಟಿಗೆಗಳು, ಎಎಸ್‌ರಾಕ್‌ನ ಡೆಸ್ಕ್‌ಮಿನಿ ಸಾಲು ಇದಕ್ಕೆ ಸೇರಿದವು. ಡೆಸ್ಕ್‌ಮಿನಿ ಎಕ್ಸ್300ರ ಅಳತೆ 155 × 155 × 80 ಮಿ.ಮೀ., ಅಂದರೆ ಎರಡು ಲೀಟರಿಗೂ ಕಡಿಮೆ ಜಾಗ.

ಮೊದಲ ಸಲ ಮಾಡುವವರು ಮೊದಲ ಜಾತಿಯನ್ನೇ ಹಿಡಿಯಿರಿ. ಪ್ರೊಸೆಸರ್ ಕೂರಿಸುವ ಎದೆಬಡಿತ ಅದರಲ್ಲಿಲ್ಲ. ನಾಳೆ ಪ್ರೊಸೆಸರ್ ಬದಲಿಸಿಕೊಳ್ಳುವ ಆಸೆಯಿದ್ದರೆ ಮಾತ್ರ ಎರಡನೆಯದು.

ಓದುವ ಸಂಜೆ

ಕಿಟ್ಟಿನ ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ, ಕೊನೆಯ ಅಕ್ಷರದ ತನಕ ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಎರಡು ಕಿಟ್‌ಗಳಲ್ಲಿ ಒಂದು ಡಿಡಿಆರ್4 ಪೀಳಿಗೆಯ ರ‍್ಯಾಮ್ ಕೇಳಿದರೆ ಇನ್ನೊಂದು ಅದರ ಮುಂದಿನ ಡಿಡಿಆರ್5 ಕೇಳುವುದುಂಟು. ತಯಾರಕರ ತಾಣದಲ್ಲಿ ಆ ಮಾದರಿಯ ಕೈಪಿಡಿ ಸಿಗುತ್ತದೆ, ಪರೀಕ್ಷಿಸಿ ನೋಡಿದ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳ ಪಟ್ಟಿಯೂ ಸಿಗುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದು ನಡೆಯುವುದೇ ಇಲ್ಲ ಎಂದಲ್ಲ. ಇದ್ದದ್ದನ್ನು ಕೊಂಡರೆ ಆಮೇಲೆ ತಲೆ ಕೆರೆದುಕೊಳ್ಳುವ ಪ್ರಸಂಗ ಕಡಿಮೆ.

ರ‍್ಯಾಮ್ ವಿಷಯಕ್ಕೆ ಬರೋಣ. ಹೆಚ್ಚಾಗಿ ಬೇಕಾದದ್ದು ಎಸ್‌ಒ-ಡಿಮ್, ಅಂದರೆ ಲ್ಯಾಪ್‌ಟಾಪ್ ಅಳತೆಯದು. ಡಿಡಿಆರ್4 ಪಟ್ಟಿಗೆ 260 ಪಿನ್, 1.2 ವೋಲ್ಟ್, ಡಿಡಿಆರ್5ಕ್ಕೆ 262 ಪಿನ್, 1.1 ವೋಲ್ಟ್. ಎರಡಕ್ಕೂ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದೇ ಇಲ್ಲ. ಸ್ಲಾಟ್ ಎರಡಿದ್ದರೆ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ವಾಸಿ. ಈ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುತ್ತದೆ. ಡಿಡಿಆರ್4-3200ರ ಒಂದು ಪಟ್ಟಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು, ಎರಡು ಸೇರಿದರೆ 51.2. ಬ್ರೌಸರ್ ನೋಡುವಾಗ ಇದು ಗೊತ್ತಾಗದು, ಆಟ ಆಡುವಾಗ ಕಣ್ಣಿಗೇ ಕಾಣುತ್ತದೆ. ಗರಿಷ್ಠ ಮಿತಿಯನ್ನೂ ನೋಡಿಕೊಳ್ಳಿ: ಅಗ್ಗದ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗುವ ಇಂಟೆಲ್ ಎನ್100 ಪ್ರೊಸೆಸರಿಗೆ ಮೆಮೊರಿಯ ದಾರಿ ಒಂದೇ, ಇಂಟೆಲ್ ಹೇಳುವ ಮಿತಿ 16 ಜಿಬಿ.

ಎಸ್‌ಎಸ್‌ಡಿಯಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಎಂ.2 ಎನ್ನುವುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಒಂದೇ ಥರ ಕಾಣುವ ಎರಡು ಪಟ್ಟಿಗಳಲ್ಲಿ ಒಂದು ಹಳೆಯ, ನಿಧಾನದ ಸಾಟಾ ಬಗೆಯದು, ಇನ್ನೊಂದು ವೇಗದ ಎನ್‌ವಿಎಂಇ ಬಗೆಯದು ಆಗಿರಬಹುದು. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ಪಿಸಿಐಇ (ಬೋರ್ಡಿನೊಳಗೆ ಮಾಹಿತಿ ಸಾಗುವ ದಾರಿ) ಮೂರನೆಯ ಪೀಳಿಗೆಯ ಎನ್‌ವಿಎಂಇ 3500 ಎಂಬಿಯ ಆಸುಪಾಸು ಮುಟ್ಟುತ್ತದೆ. ಸಾಟಾ ಮಾತ್ರ ತಿಳಿಯುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಪಟ್ಟಿಯ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಬಹುತೇಕ ಸಾಟಾ, ಒಂದೇ ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಹೆಸರಿನ ಜೊತೆಗಿರುವ 2280 ಎಂಬ ಅಂಕೆ ಅಳತೆ ಹೇಳುತ್ತದೆ: 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ತೀರಾ ಪುಟ್ಟ ಡಬ್ಬಿಗಳು 2242 ಅಥವಾ 2230 ಮಾತ್ರ ಒಪ್ಪುತ್ತವೆ. ಮೇಲೆ ದಪ್ಪನೆಯ ಲೋಹದ ಹೀಟ್‌ಸಿಂಕ್ ಅಂಟಿಸಿಕೊಂಡು ಬರುವ ಎಸ್‌ಎಸ್‌ಡಿಗಳನ್ನು ಇಲ್ಲಿಗೆ ತರಬೇಡಿ, ಮುಚ್ಚಳ ಹಾಕಲಾಗದು.

ಎರಡನೆಯ ಜಾತಿಯ ಕಿಟ್ ಆದರೆ ಇನ್ನೂ ಮೂರು ಸಂಗತಿ. ಮೊದಲನೆಯದು, ಗ್ರಾಫಿಕ್ಸ್ ಕಾರ್ಡಿಗೆ ಜಾಗವಿಲ್ಲದ ಡಬ್ಬಿಯಾದರೆ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇರಲೇಬೇಕು. ಎಎಂಡಿಯ ರೈಜೆನ್ 5 5600ಜಿ ನಡೆಯುತ್ತದೆ, ಕೊನೆಯ ಜಿ ಇಲ್ಲದ 5600 ನಡೆಯದು. ಇಂಟೆಲ್‌ನಲ್ಲಿ ಸಂಖ್ಯೆಯ ಕೊನೆಗೆ ಎಫ್ ಬಂದರೆ ಗ್ರಾಫಿಕ್ಸ್ ಇಲ್ಲ ಎಂದೇ ಅರ್ಥ. ಎರಡನೆಯದು ಶಾಖ ಮತ್ತು ಎತ್ತರ. ಎಕ್ಸ್300 ಕಿಟ್ ತಾಳುವುದು 65 ವಾಟ್‌ವರೆಗಿನ ಪ್ರೊಸೆಸರ್, 46 ಮಿ.ಮೀ.ವರೆಗಿನ ಕೂಲರ್. 5600ಜಿ ಪೆಟ್ಟಿಗೆಯಲ್ಲಿ ಪುಕ್ಕಟೆ ಬರುವ ಕೂಲರಿನ ಎತ್ತರ 54 ಮಿ.ಮೀ. ಎಂಟು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಕೇಸಿನ ತಗಡಿಗೆ ಹಾಗನ್ನಿಸುವುದಿಲ್ಲ. ನಾಕ್ಟುವಾದ ಎನ್ಎಚ್-ಎಲ್9ಎ ಥರದ 37 ಮಿ.ಮೀ. ಎತ್ತರದ ಗಿಡ್ಡ ಕೂಲರನ್ನು ಬೇರೆಯಾಗಿ ಕೊಳ್ಳಬೇಕು. ಮೂರನೆಯದು ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಬೋರ್ಡ್ ಹಳೆಯದು, ಪ್ರೊಸೆಸರ್ ಅದಕ್ಕಿಂತ ಆಮೇಲೆ ಹುಟ್ಟಿದ್ದು ಎಂದಾದರೆ ಬಯಾಸ್ ಅಪ್‌ಡೇಟ್ ಆಗುವ ತನಕ ಬೋರ್ಡು ಅದನ್ನು ಗುರುತಿಸದು; ಅಪ್‌ಡೇಟ್ ಮಾಡಲು ಸಾಮಾನ್ಯವಾಗಿ ಅದು ಗುರುತಿಸುವ ಇನ್ನೊಂದು ಪ್ರೊಸೆಸರ್ ಬೇಕು. ಈ ಸುಳಿಗೆ ಸಿಕ್ಕಿ ಒದ್ದಾಡಿದವರು ಬಹಳ ಜನ. ಕೊಳ್ಳುವ ಮುಂಚೆಯೇ, ಯಾವ ಬಯಾಸ್ ಹಾಕಿ ಕಳಿಸುತ್ತೀರಿ ಎಂದು ಮಾರುವವರನ್ನು ಕೇಳಿಬಿಡಿ.

ಮೇಜು ಹದಮಾಡಿಕೊಳ್ಳುವುದು

ಬೇಕಾದ ಸಾಮಾನು ಕಡಿಮೆ. ಪ್ಲಸ್ ಬಾಯಿಯ ಎರಡು ಸ್ಕ್ರೂಡ್ರೈವರ್ (ಒಂದು ಮಧ್ಯಮ, ಒಂದು ಸಣ್ಣದು), ತುದಿ ಚೂಪಾದ ಒಂದು ಚಿಮಟ, ಒಂದು ಟಾರ್ಚು. ಸ್ಕ್ರೂಡ್ರೈವರಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಒಳ್ಳೆಯದೇ. ಅದರಿಂದ ಎಸ್‌ಎಸ್‌ಡಿ ಹಾಳಾಗುತ್ತದೆ ಎಂಬ ಭಯ ಬೇಡ, ಅದರಲ್ಲಿ ಮಾಹಿತಿ ಕೂರುವುದು ಅಯಸ್ಕಾಂತದ ಬಲದಿಂದ ಅಲ್ಲ.

ಸ್ಕ್ರೂಗಳಿಗೆ ನಾನು ಮಾಡುವ ಉಪಾಯ ಹೇಳುತ್ತೇನೆ. ಒಂದು ಬಿಳಿ ಹಾಳೆಯ ಮೇಲೆ ಡಬ್ಬಿಯ ಚಿತ್ರವನ್ನು ಕೈಯಿಂದ ಗೀಚಿ, ತೆಗೆದ ಪ್ರತಿ ಸ್ಕ್ರೂವನ್ನೂ ಅದು ಇದ್ದ ಜಾಗದಲ್ಲೇ ಟೇಪ್ ಹಾಕಿ ಅಂಟಿಸುವುದು. ಇವುಗಳಲ್ಲಿ ನೋಡಲು ಒಂದೇ ಥರ, ಉದ್ದದಲ್ಲಿ ಮಾತ್ರ ಒಂದು ಮಿಲಿಮೀಟರ್ ವ್ಯತ್ಯಾಸದ ಸ್ಕ್ರೂಗಳು ಇರುತ್ತವೆ. ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ತಿರುಗಿಸಿದರೆ ಆಚೆ ಬದಿಯಲ್ಲಿ ಏನನ್ನೋ ತಿವಿಯುತ್ತದೆ.

ಸ್ಥಿರವಿದ್ಯುತ್ತಿನ ಬಗ್ಗೆ ಒಂದೆರಡು ಮಾತು. ಜಮಖಾನೆಯ ಮೇಲೆ, ಹಾಸಿಗೆಯ ಮೇಲೆ, ಉಣ್ಣೆಯ ಬಟ್ಟೆ ತೊಟ್ಟುಕೊಂಡು ಈ ಕೆಲಸ ಬೇಡ. ಬರಿಯ ಮರದ ಮೇಜು ಸಾಕು. ಪ್ರತಿ ಭಾಗವನ್ನು ಎತ್ತಿಕೊಳ್ಳುವ ಮುಂಚೆ ಬಣ್ಣ ಬಳಿಯದ, ನೆಲಕ್ಕೆ ಅರ್ತಿಂಗ್ ಆದ ಲೋಹವನ್ನೊಮ್ಮೆ ಮುಟ್ಟಿ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ರ‍್ಯಾಮ್, ಎಸ್‌ಎಸ್‌ಡಿ ಪಟ್ಟಿಗಳನ್ನು ಅಂಚಿನಿಂದ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಕದಿರಲಿ.

ಮುಚ್ಚಳ ತೆಗೆಯುವಾಗ

ಅಡಾಪ್ಟರ್ ಸಿಗಿಸಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನಕ್ ಥರದ ಡಬ್ಬಿಯನ್ನು ಬೋರಲು ಹಾಕಿದರೆ ನಾಲ್ಕು ರಬ್ಬರ್ ಪಾದಗಳು ಕಾಣುತ್ತವೆ. ಸ್ಕ್ರೂ ಪಾದದೊಳಗೇ ಇರಬಹುದು, ಪಾದದ ಅಡಿಯಲ್ಲಿ ಅಡಗಿರಬಹುದು. ಸ್ಕ್ರೂ ಸಡಿಲಿಸಿದ ಮೇಲೆ ಮುಚ್ಚಳವನ್ನು ಸರಕ್ಕನೆ ಎಳೆಯಬೇಡಿ. ಎರಡೂವರೆ ಇಂಚಿನ ಡಿಸ್ಕಿಗೆ ಹೋಗುವ ತೆಳ್ಳನೆಯ ಪಟ್ಟಿ ಕೇಬಲ್ ಮುಚ್ಚಳಕ್ಕೂ ಬೋರ್ಡಿಗೂ ನಡುವೆ ಇರುತ್ತದೆ. ಮೊದಲು ಒಂದು ಬೆರಳಗಲ ಎತ್ತಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಪುಸ್ತಕ ತೆರೆದ ಹಾಗೆ ಪಕ್ಕಕ್ಕೆ ಮಲಗಿಸಿ. ಡೆಸ್ಕ್‌ಮಿನಿ ಥರದ್ದಾದರೆ ಹಿಂಬದಿಯ ನಾಲ್ಕು ಸ್ಕ್ರೂ ತೆಗೆದರೆ ಬೋರ್ಡ್ ಕೂತ ತಟ್ಟೆ ಡ್ರಾಯರಿನಂತೆ ಹಿಂದಕ್ಕೆ ಬರುತ್ತದೆ. ಅದಕ್ಕೂ ಮುಂಬದಿಯ ತಂತಿಗಳಿವೆ, ನಿಧಾನ.

ಈ ಹೊತ್ತಿನಲ್ಲಿ ಮೊಬೈಲಿನಿಂದ ಒಂದು ಫೋಟೊ ತೆಗೆದಿಡಿ. ಯಾವ ತಂತಿ ಯಾವುದರ ಅಡಿಯಿಂದ ಹೋಗಿತ್ತು ಎಂಬ ಪ್ರಶ್ನೆ ಮುಚ್ಚುವಾಗ ಬಂದೇ ಬರುತ್ತದೆ.

ಪ್ರೊಸೆಸರ್ ಮತ್ತು ಕೂಲರ್

ಪ್ರೊಸೆಸರ್ ಬೋರ್ಡಿಗೇ ಅಂಟಿರುವ ಕಿಟ್ ನಿಮ್ಮದಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ.

ಸಾಕೆಟ್ಟಿನಲ್ಲೂ ಎರಡು ಬಗೆ. ಎಎಂಡಿಯ ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಗೆ, 1331 ಪಿನ್ನು. ಇಂಟೆಲ್‌ನಲ್ಲೂ ಎಎಂಡಿಯ ಹೊಸ ಎಎಂ5ನಲ್ಲೂ ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಎಲ್ಲೇ ಇರಲಿ, ಒಂದು ಬಾಗಿದರೂ ಕೆಲಸ ಕೆಟ್ಟಂತೆ. ಸನ್ನೆಯನ್ನು ಎತ್ತಿ, ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ಮೂಲೆಯ ತ್ರಿಕೋನಕ್ಕೆ ಹೊಂದಿಸಿ, ಮೇಲಿನಿಂದ ನೇರವಾಗಿ ಇಳಿಬಿಡಿ. ಒತ್ತಬಾರದು. ಎಎಂ4ನಲ್ಲಿ ಅದು ತನ್ನ ಭಾರಕ್ಕೆ ತಾನೇ ತೊಪ್ಪನೆ ಕೂರುತ್ತದೆ. ಕೂರಲಿಲ್ಲವೆಂದರೆ ದಿಕ್ಕು ತಪ್ಪಿದೆ, ಇಲ್ಲವೇ ಪಿನ್ನು ಬಾಗಿದೆ; ಎತ್ತಿ ನೋಡಿ. ಇಂಟೆಲ್ ಸಾಕೆಟ್ಟಿನ ಸನ್ನೆ ಒತ್ತುವಾಗ ಮಾತ್ರ ಬಲ ಬೇಕು. ಕಿರ್ರೆಂದು ಸದ್ದು ಬರುತ್ತದೆ, ಏನೋ ಮುರಿಯಿತು ಅನ್ನಿಸುತ್ತದೆ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಮೇಲಕ್ಕೆ ಚಿಮ್ಮುತ್ತದೆ. ಹೆದರಬೇಡಿ, ಅದು ಹಾಗೆಯೇ. ಆ ಮುಚ್ಚಳ ಎಸೆಯಬೇಡಿ. ಬೋರ್ಡನ್ನು ವಾರಂಟಿಗೆ ವಾಪಸು ಕಳಿಸುವಾಗ ಕೇಳುತ್ತಾರೆ.

ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಸಣ್ಣ ಬಟಾಣಿ ಕಾಳಿನಷ್ಟು, ನಡುಮಧ್ಯೆ. ಹರಡುವ ಕೆಲಸ ಕೂಲರಿನ ಒತ್ತಡಕ್ಕೆ ಬಿಡಿ. ಕೂಲರಿನ ತಳದಲ್ಲಿ ಬೂದು ಬಣ್ಣದ ಪೇಸ್ಟ್ ಮೊದಲೇ ಮೆತ್ತಿದ್ದರೆ ಇನ್ನೊಂದು ಪದರ ಬೇಡ. ಸ್ಕ್ರೂಗಳನ್ನು ಕರ್ಣರೇಖೆಯ ಹಾಗೆ, ಈ ಮೂಲೆ ಎರಡು ಸುತ್ತು, ಎದುರು ಮೂಲೆ ಎರಡು ಸುತ್ತು ಎಂದು ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ವಾಲುತ್ತದೆ, ಪೇಸ್ಟ್ ಒಂದು ಬದಿಗೆ ಒತ್ತರಿಸುತ್ತದೆ. ಫ್ಯಾನಿನ ತಂತಿಯನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಗೇ ಸಿಗಿಸಿ.

ಮುಂದೊಮ್ಮೆ ಎಎಂ4 ಕೂಲರ್ ಬಿಚ್ಚುವ ಸಂದರ್ಭ ಬಂದರೆ ನೇರವಾಗಿ ಮೇಲಕ್ಕೆ ಕೀಳಬೇಡಿ. ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದು, ಸನ್ನೆ ಹಾಕಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬರುತ್ತದೆ. ಹತ್ತು ನಿಮಿಷ ಯಂತ್ರ ಓಡಿಸಿ, ಆರಿಸಿ, ಪ್ಲಗ್ ತೆಗೆದು, ಬಿಸಿ ಇರುವಾಗಲೇ ಕೂಲರನ್ನು ಎಡಬಲ ತಿರುಚಿ ಬಿಡಿಸಿಕೊಳ್ಳಬೇಕು.

ವೈಫೈ ಕಾರ್ಡ್ ಮೊದಲು, ಎಸ್‌ಎಸ್‌ಡಿ ಆಮೇಲೆ

ಕ್ರಮ ತಪ್ಪುವುದು ಹೆಚ್ಚಾಗಿ ಇಲ್ಲೇ. ಅನೇಕ ಡಬ್ಬಿಗಳಲ್ಲಿ ವೈಫೈ ಕಾರ್ಡಿನ ಸ್ಲಾಟ್ ಎಸ್‌ಎಸ್‌ಡಿ ಸ್ಲಾಟಿನ ಅಡಿಗೆ ಇರುತ್ತದೆ. ಕಿಟ್ಟಿನ ಜೊತೆಗೇ ಕಾರ್ಡ್ ಬಂದಿದ್ದರೆ ಸರಿ. ಇಲ್ಲವಾದರೆ 2230 ಅಳತೆಯ, ಇ ಕಚ್ಚಿನ ಕಾರ್ಡ್ ತಂದು ಅದನ್ನೇ ಮೊದಲು ಕೂರಿಸಬೇಕು. ಕಾರ್ಡಿನ ಮೇಲೆ ಎರಡು ಆಂಟೆನಾ ತಂತಿಗಳನ್ನು ಒತ್ತಿ ಕೂರಿಸಬೇಕು. ಆ ಕನೆಕ್ಟರ್‌ಗಳು ಸಾಸಿವೆ ಕಾಳಿಗಿಂತ ಅಷ್ಟೇನೂ ದೊಡ್ಡವಲ್ಲ. ತಂತಿಯನ್ನು ಚಿಮಟದಲ್ಲಿ ಹಿಡಿದು, ಕನೆಕ್ಟರ್ ತನ್ನ ಗುಂಡಿಯ ಮೇಲೆ ನೆಟ್ಟಗೆ ನಿಂತಿದೆಯೇ ಎಂದು ಟಾರ್ಚಿನಲ್ಲಿ ನೋಡಿ, ಆಮೇಲೆ ಉಗುರಿನಿಂದ ಒತ್ತಿ. ಟಿಕ್ ಎಂದು ಬೆರಳಿಗೆ ತಿಳಿಯುತ್ತದೆ, ಕಿವಿಗೆ ಕೇಳಿಸದಿರಬಹುದು. ಅಡ್ಡವಾಗಿ ಒತ್ತಿದರೆ ಒಳಗಿನ ಸೂಜಿ ಚಪ್ಪಟೆಯಾಗುತ್ತದೆ. ನನಗೆ ಹಾಗಾಗಿದೆ, ಆ ಯಂತ್ರದಲ್ಲಿ ಪಕ್ಕದ ಕೋಣೆಗೆ ಹೋದರೆ ಸಾಕು, ವೈಫೈ ಸತ್ತುಹೋಗುತ್ತಿತ್ತು.

ಆಮೇಲೆ ಎಸ್‌ಎಸ್‌ಡಿ. ಸ್ಲಾಟಿನ ಎದುರು ಒಂದು ಪುಟ್ಟ ಕಂಬ ಇರುತ್ತದೆ, ಅದರ ಮೇಲೊಂದು ಸ್ಕ್ರೂ. ಅದನ್ನು ಮೊದಲು ತೆಗೆದಿಡಿ. ಪಟ್ಟಿಯನ್ನು ಅಡ್ಡಲಾಗಿ ತೂರಿಸಬಾರದು. ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಒಳಕ್ಕೆ ನೂಕಬೇಕು. ಪೂರ್ತಿ ಹೋದಮೇಲೆ ಕೈ ಬಿಟ್ಟರೆ ಪಟ್ಟಿ ಬಿದ್ದುಹೋಗದೆ ಓರೆಯಾಗಿಯೇ ಎದ್ದು ನಿಂತಿರುತ್ತದೆ. ಅದೇ ಸರಿಯಾದ ಲಕ್ಷಣ. ಈಗ ಒಂದು ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂ ಹಾಕಿ. ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಮೂರು ಮಿಲಿಮೀಟರ್ ಉದ್ದದ ಆ ಸ್ಕ್ರೂವಿನ ತಲೆ ಸವೆದುಹೋದರೆ ತೆಗೆಯುವುದು ದೊಡ್ಡ ರಗಳೆ. ಸ್ಕ್ರೂ ಕೈಜಾರಿ ಬೋರ್ಡಿನ ಅಡಿಗೆ ಹೋಯಿತೇ? ಡಬ್ಬಿಯನ್ನು ತಲೆಕೆಳಗು ಮಾಡಿ, ಸದ್ದು ಕೇಳುತ್ತ ಅಲ್ಲಾಡಿಸಿ, ಸಿಗುವ ತನಕ ಬಿಡಬೇಡಿ. ಒಳಗೆ ಸ್ಕ್ರೂ ಉಳಿಸಿಕೊಂಡು ಕರೆಂಟ್ ಕೊಡುವುದಕ್ಕಿಂತ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸುವುದು ಮೇಲು.

ಮುಚ್ಚಳದ ಒಳಬದಿಯಲ್ಲಿ ಎಸ್‌ಎಸ್‌ಡಿಗೆ ತಾಗುವಂತೆ ಮೆತ್ತನೆಯ ಶಾಖಪಟ್ಟಿ ಅಂಟಿಸಿರುತ್ತಾರೆ. ಅದರ ಮೇಲಿನ ಪಾರದರ್ಶಕ ಹಾಳೆಯನ್ನು ಸುಲಿದು ತೆಗೆಯಿರಿ. ಹಾಳೆ ಕಣ್ಣಿಗೆ ಕಾಣುವುದಿಲ್ಲ, ಮೂಲೆಯನ್ನು ಉಗುರಿನಲ್ಲಿ ಕೆರೆದರೆ ಮಾತ್ರ ಏಳುತ್ತದೆ. ಎಸ್‌ಎಸ್‌ಡಿಯ ಮೇಲಿನ ಕಾಗದದ ಚೀಟಿಯನ್ನು ಮಾತ್ರ ಕೀಳಬೇಡಿ, ವಾರಂಟಿ ಹೋಗುತ್ತದೆ.

ರ‍್ಯಾಮ್

ಇದೂ ಓರೆಯಾಗಿಯೇ ಹೋಗುವುದು. ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿಯಲ್ಲಿ ಗಟ್ಟಿಯಾಗಿ ಒಳಕ್ಕೆ ನೂಕಿ. ಚಿನ್ನದ ಹಲ್ಲುಗಳು ಹೆಚ್ಚುಕಡಿಮೆ ಮರೆಯಾಗಬೇಕು. ಆಮೇಲೆ ಕೆಳಗೊತ್ತಿದರೆ ಎರಡೂ ಬದಿಯ ಲೋಹದ ಕ್ಲಿಪ್ಪು ಟಕ್ಕೆಂದು ಹಿಡಿಯುತ್ತದೆ. ಸ್ಲಾಟ್‌ಗಳು ಒಂದರ ಮೇಲೊಂದು ಇದ್ದರೆ ಕೆಳಗಿನದ್ದು ಮೊದಲು. ಒಂದೇ ಪಟ್ಟಿ ಇದ್ದರೆ ಯಾವ ಸ್ಲಾಟಿಗೆ ಎಂಬುದು ಕೈಪಿಡಿಯಲ್ಲಿರುತ್ತದೆ. ಯಂತ್ರ ಮೊದಲ ಸಲ ಏಳದೇ ಇರುವ ಪ್ರಸಂಗಗಳಲ್ಲಿ ನಾನು ಕಂಡ ಹೆಚ್ಚಿನವು ಅರ್ಧ ಮಿಲಿಮೀಟರ್ ಹೊರಗುಳಿದ ರ‍್ಯಾಮಿನವು.

ಎರಡೂವರೆ ಇಂಚಿನ ಡಿಸ್ಕ್ ಬೇಕೆಂದರೆ ಅದರ ಗೂಡಿಗೆ ಜಾರಿಸಿ, ನಾಲ್ಕು ಸ್ಕ್ರೂ ಹಾಕಿ, ಕೇಬಲ್ ಸಿಗಿಸಿದರಾಯಿತು. ಪಟ್ಟಿ ಕೇಬಲ್ಲಿನ ಬೋರ್ಡ್ ಕಡೆಯ ತುದಿಗೆ ಕಪ್ಪು ಬಣ್ಣದ ಪುಟ್ಟ ಕದ ಇರುತ್ತದೆ. ಅದನ್ನು ಎತ್ತಿ, ಕೇಬಲ್ ಒಳಗಿಟ್ಟು, ಮತ್ತೆ ಒತ್ತಬೇಕು. ಕದ ಎತ್ತದೆ ನೂಕಿದರೆ ಕೇಬಲ್ ಮಡಚಿಕೊಳ್ಳುತ್ತದೆ. ಒಂದು ಎಂ.2 ಸಾಕು ಎನ್ನುವವರು ಈ ಗೂಡನ್ನು ಖಾಲಿ ಬಿಡಿ, ಗಾಳಿಯಾಡಲು ಜಾಗವಾಯಿತು.

ಮುಚ್ಚುವ ಮುಂಚೆ ಒಮ್ಮೆ ಎಬ್ಬಿಸಿ ನೋಡಿ

ಆತುರಗಾರನಿಗೆ ಬುದ್ಧಿ ಮಟ್ಟ. ಎಲ್ಲ ಸ್ಕ್ರೂ ಹಾಕಿ ಸಿಂಗಾರ ಮಾಡಿದ ಮೇಲೆ ಬಟನ್ ಒತ್ತಬೇಡಿ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಮಾನಿಟರ್, ಕೀಬೋರ್ಡ್, ಆಮೇಲೆ ಅಡಾಪ್ಟರ್ ಸಿಗಿಸಿ. ಅಡಾಪ್ಟರ್ ಕಿಟ್ಟಿನ ಜೊತೆ ಬಂದದ್ದೇ ಆಗಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇಲ್ಲಿ ವಾಟ್ ಲೆಕ್ಕಕ್ಕೆ ಬರುತ್ತದೆ: ಎಕ್ಸ್300ಕ್ಕೆ ಕೊಡುವುದು 19 ವೋಲ್ಟಿನ 120 ವಾಟ್ ಅಡಾಪ್ಟರ್. ಅದೇ ಪಿನ್ನಿನ ಹಳೆಯ ಲ್ಯಾಪ್‌ಟಾಪಿನ 65 ವಾಟಿನದ್ದು ಸಿಗಿಸಿದರೆ ಯಂತ್ರ ಎದ್ದರೂ, ಕೆಲಸ ಜೋರಾದಾಗ ಧಪ್ಪನೆ ಆರಿಹೋಗುತ್ತದೆ.

ಡಿಡಿಆರ್5 ಇರುವ ಯಂತ್ರಗಳು ಮೊದಲ ಸಲ ಪರದೆ ಕಪ್ಪಾಗಿಯೇ ಕೆಲವು ನಿಮಿಷ ಕೂರುತ್ತವೆ. ಬೋರ್ಡು ಹೊಸ ರ‍್ಯಾಮಿನ ಜೊತೆ ಹೊಂದಿಕೆ ಮಾಡಿಕೊಳ್ಳುತ್ತಿರುತ್ತದೆ, ಮಧ್ಯೆ ತಾನೇ ಒಂದೆರಡು ಸಲ ಆರಿ ಹೊತ್ತುವುದೂ ಉಂಟು. ಕೆಟ್ಟಿತೆಂದು ಪ್ಲಗ್ ಕೀಳಬೇಡಿ. ಐದಾರು ನಿಮಿಷ ಬಿಟ್ಟುಕೊಟ್ಟು ಆಮೇಲೆ ಚಿಂತಿಸಿ.

ಆಗಲೂ ಏನೂ ಬರಲಿಲ್ಲವಾದರೆ, ಮೊದಲು ಮಾನಿಟರಿನ ಕೇಬಲ್ ಮತ್ತು ಅದರ ಇನ್‌ಪುಟ್ ಆಯ್ಕೆ ನೋಡಿ. ಆಮೇಲೆ ಪ್ಲಗ್ ತೆಗೆದು ರ‍್ಯಾಮ್ ಬಿಚ್ಚಿ ಮತ್ತೆ ಕೂರಿಸಿ. ಆಮೇಲೆ ಒಂದೇ ಪಟ್ಟಿ ಹಾಕಿ. ಆ ಪಟ್ಟಿಯಿಂದ ಆಗದಿದ್ದರೆ ಇನ್ನೊಂದು. ಎಸ್‌ಎಸ್‌ಡಿ ಪೂರ್ತಿ ತೆಗೆದರೂ ಬಯಾಸ್ ಪರದೆ ಬರಲೇಬೇಕು, ಹಾಗಾಗಿ ಅದನ್ನೂ ಬಿಚ್ಚಿ ನೋಡಬಹುದು. ಕೊನೆಗೆ ಬೋರ್ಡಿನ ಗುಂಡಗಿನ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ.

ಬಯಾಸ್ ಒಳಗೆ

ಕಂಪನಿಯ ಗುರುತು ಕಂಡ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತುತ್ತ ಹೋಗಿ. ರ‍್ಯಾಮ್ ಪೂರ್ತಿ ಕಾಣುತ್ತಿದೆಯೇ? ಎರಡು ಪಟ್ಟಿ ಹಾಕಿ ಅರ್ಧವೇ ತೋರಿಸುತ್ತಿದ್ದರೆ ಒಂದು ಸರಿಯಾಗಿ ಕೂತಿಲ್ಲ. ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ? ದಿನಾಂಕ ಸರಿಯಿದೆಯೇ? ಇದಿಷ್ಟು ಕಂಡರೆ ಜೋಡಣೆ ಗೆದ್ದಿರಿ. ಈಗ ಆರಿಸಿ, ಪ್ಲಗ್ ತೆಗೆದು, ತಂತಿಗಳನ್ನು ಫೋಟೊದಲ್ಲಿದ್ದ ಹಾಗೆ ಒಳಗೆ ಸೇರಿಸಿ ಮುಚ್ಚಳ ಬಿಗಿಯಿರಿ. ತಂತಿ ಫ್ಯಾನಿಗೆ ತಾಗದಂತಿರಲಿ. ಒಮ್ಮೆ ನನ್ನ ಡಬ್ಬಿಯೊಂದು ಟಕಟಕ ಎಂದು ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿತ್ತು; ಫ್ಯಾನ್ ಕೆಟ್ಟಿದೆ ಎಂದು ಹೊಸದಕ್ಕೆ ಹುಡುಕಾಡಿದ ಮೇಲೆ ಗೊತ್ತಾಯಿತು, ಆಂಟೆನಾ ತಂತಿಯ ಒಂದು ಬಾಗು ರೆಕ್ಕೆಗೆ ತಾಗುತ್ತಿತ್ತು.

ಬಯಾಸ್ ಅಪ್‌ಡೇಟ್ ಇದ್ದರೆ ಆಪರೇಟಿಂಗ್ ಸಿಸ್ಟಂ ಹಾಕುವ ಮುಂಚೆ ಈಗಲೇ ಮುಗಿಸುವುದು ಒಳ್ಳೆಯದು. ಎಫ್ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಕಡತ ಹಾಕಿ, ಕೈಪಿಡಿ ಹೇಳಿದ ಹಾಗೆ ನಡೆಸಿ. ಅದು ನಡೆಯುವಾಗ ಕರೆಂಟ್ ಹೋಗಬಾರದು.

ಆಪರೇಟಿಂಗ್ ಸಿಸ್ಟಂ

8 ಜಿಬಿಯ ಪೆನ್‌ಡ್ರೈವ್, ಬೇರೊಂದು ಕಂಪ್ಯೂಟರ್ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಹೊಸ ಯಂತ್ರಕ್ಕೆ ವಿಂಡೋಸ್ 11. ಅದಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಿಸ್ಟಂ ಮಾತ್ರ ಏಳಲು ಬಿಡುವ) ಸೌಲಭ್ಯ ಬೇಕು. ಟಿಪಿಎಂ ಇಲ್ಲ ಎಂದು ಸಂದೇಶ ಬಂದರೆ ಬಹಳ ಸಲ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿರುತ್ತಾರೆ, ಅಷ್ಟೇ. ಲಿನಕ್ಸ್ ಒಗ್ಗುವವರಿಗೆ ಉಬುಂಟು, ಮಿಂಟ್ ಎರಡೂ ಈ ಡಬ್ಬಿಗಳ ಮೇಲೆ ಹಗುರವಾಗಿ ಓಡುತ್ತವೆ. ಪೆನ್‌ಡ್ರೈವಿಗೆ ಬರೆಯಲು ರೂಫಸ್ ಸಾಕು. ನಾನು ವೆಂಟಾಯ್ ಬಳಸುತ್ತೇನೆ, ಹಲವು ಸಿಸ್ಟಂಗಳನ್ನು ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು.

ಇಲ್ಲಿ ಸಿಕ್ಕಿಬೀಳುವ ಎರಡು ಕಡೆ ಇವೆ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಕೆಲವು ಯಂತ್ರಗಳಲ್ಲಿ ಬಯಾಸ್ ಎಸ್‌ಎಸ್‌ಡಿಯನ್ನು ತೋರಿಸಿದರೂ ವಿಂಡೋಸ್ ಇನ್‌ಸ್ಟಾಲರ್‌ಗೆ ಅದು ಕಾಣುವುದಿಲ್ಲ. ಬಯಾಸ್‌ನಲ್ಲಿ ವಿಎಂಡಿ ಎಂಬ, ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಿಭಾಯಿಸುವ ಆಯ್ಕೆ ಚಾಲೂ ಇರುವುದೇ ಕಾರಣ. ಒಂದೇ ಡಿಸ್ಕ್ ಇರುವವರು ಅದನ್ನು ಆಫ್ ಮಾಡಬಹುದು. ಎರಡನೆಯದು, ಇನ್‌ಸ್ಟಾಲ್ ಮಧ್ಯೆ ವಿಂಡೋಸ್ ಇಂಟರ್ನೆಟ್ ಕೇಳುತ್ತದೆ, ಆದರೆ ಹೊಸ ವೈಫೈ ಕಾರ್ಡಿನ ಡ್ರೈವರ್ ಅದರ ಬಳಿ ಇರುವುದಿಲ್ಲ. ನೆಟ್‌ವರ್ಕ್ ಕೇಬಲ್ ಸಿಗಿಸಿಟ್ಟುಕೊಂಡರೆ ಸುಲಭ, ಇಲ್ಲವಾದರೆ ತಯಾರಕರ ತಾಣದಿಂದ ವೈಫೈ ಡ್ರೈವರನ್ನು ಮೊದಲೇ ಇನ್ನೊಂದು ಪೆನ್‌ಡ್ರೈವಿಗೆ ಇಳಿಸಿಕೊಂಡಿರಿ.

ಬಿಸಿ, ಸದ್ದು, ಕೂರಿಸುವ ಜಾಗ

ಮೊದಲ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ವಾಪಸು ಕಳಿಸಿ. ವಾಪಸು ಕೊಡುವ ಗಡುವು ಮುಗಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಮರುದಿನ ಯಂತ್ರಕ್ಕೆ ಅರ್ಧ ಗಂಟೆ ಮೈಮುರಿಯುವ ಕೆಲಸ ಕೊಟ್ಟು, ವಿಂಡೋಸಿನಲ್ಲಿ ಎಚ್‌ಡಬ್ಲ್ಯುಇನ್ಫೋ, ಲಿನಕ್ಸಿನಲ್ಲಿ ಸೆನ್ಸರ್ಸ್ ಆಜ್ಞೆಯಿಂದ ಬಿಸಿ ನೋಡಿ. 5600ಜಿ ಪ್ರೊಸೆಸರಿಗೆ ಎಎಂಡಿ ಹೇಳುವ ಮಿತಿ 95 ಡಿಗ್ರಿ, ಇಂಟೆಲ್‌ನ ಹೆಚ್ಚಿನವಕ್ಕೆ 100. ಪುಟ್ಟ ಡಬ್ಬಿಯಲ್ಲಿ 80 ದಾಟುವುದು ಸಹಜ, ದೊಡ್ಡ ಟವರಿನ ಲೆಕ್ಕ ಇಲ್ಲಿಗೆ ತರಬೇಡಿ. ಸುಮ್ಮನೆ ಇದ್ದಾಗಲೂ 70 ಇದ್ದರೆ ಮಾತ್ರ ಕೂಲರ್ ಸರಿಯಾಗಿ ಕೂತಿಲ್ಲ ಎಂದುಕೊಳ್ಳಿ. ಫ್ಯಾನ್ ಕ್ಷಣಕ್ಕೊಮ್ಮೆ ಏರಿಳಿದು ಕಿರಿಕಿರಿ ಮಾಡಿದರೆ ಬಯಾಸ್‌ನಲ್ಲಿ ಫ್ಯಾನಿನ ವೇಗ ನಿಧಾನವಾಗಿ ಏರುವಂತೆ ಹೊಂದಿಸಬಹುದು. ಒಂದೇ ಸಮನೆ ಬರುವ ಸಣ್ಣ ಸದ್ದು ಕಿವಿಗೆ ಒಗ್ಗುತ್ತದೆ, ಏರಿಳಿಯುವ ಸದ್ದು ಒಗ್ಗುವುದಿಲ್ಲ.

ಪಕ್ಕದ ಗಾಳಿಕಿಂಡಿಗಳಿಗೆ ಪುಸ್ತಕ ಒತ್ತರಿಸಬೇಡಿ. ಮಾನಿಟರಿನ ಬೆನ್ನಿಗೆ ಸಿಗಿಸಲು ಅನೇಕ ಕಿಟ್‌ಗಳಲ್ಲಿ ಒಂದು ಲೋಹದ ತಟ್ಟೆ ಇರುತ್ತದೆ, 75 ಅಥವಾ 100 ಮಿ.ಮೀ. ಅಂತರದ ವೆಸಾ ತೂತುಗಳಿಗೆ ಹೊಂದುವಂಥದ್ದು. ಮೇಜು ಪೂರ್ತಿ ಖಾಲಿಯಾಗಿ ಕಣ್ಣಿಗೆ ಹಿತ. ಆದರೆ ಆಗ ಪವರ್ ಬಟನ್ ಮಾನಿಟರಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ, ದಿನಾ ಬೆಳಗ್ಗೆ ಕತ್ತು ಚಾಚಿ ತಡಕಾಡಬೇಕು. ತಟ್ಟೆಗೆ ಸ್ಕ್ರೂ ಹಾಕುವ ಮುಂಚೆಯೇ ಬಯಾಸ್‌ಗೆ ಹೋಗಿ, ಕರೆಂಟ್ ಬಂದ ಕೂಡಲೇ ಏಳು ಎನ್ನುವ ಆಯ್ಕೆಯನ್ನೋ, ಕೀಬೋರ್ಡ್ ಒತ್ತಿದರೆ ಏಳು ಎನ್ನುವುದನ್ನೋ ಚಾಲೂ ಮಾಡಿಬಿಡಿ.